ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ? ಉತ್ತರ ಮಕ್ಕಳ ಇಟ್ಟಿಗೆ ಆಟದಲ್ಲಿದೆ

"ಘಾಟಿ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆಫ್ ಮಾಡಿ. ಒಂದು ಹನಿ ಪೆಟ್ರೋಲ್ ಖರ್ಚಾಗದೆ ಕೆಳಗೆ ತಲುಪುತ್ತೀರಿ. ಎಲ್ಲರಿಗೂ ಶೇರ್ ಮಾಡಿ." ಇಂಥದೊಂದು ಸಲಹೆ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬಾರದಿದ್ದರೂ ಯಾರಾದರೂ ಬಾಯಲ್ಲಿ ಹೇಳಿಯೇ ಇರುತ್ತಾರೆ. ಕೊಳ್ಳೇಗಾಲ, ಹನೂರು ಕಡೆಯವರಿಗೆ ಇದು ದೂರದ ಮಾತಲ್ಲ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ಸಾವಿರಾರು ಗಾಡಿಗಳು ತಾಳಬೆಟ್ಟದ ಹಾದಿ ಹಿಡಿಯುತ್ತವೆ. ಯಳಂದೂರಿನವರಿಗೆ ಬಿಳಿಗಿರಿರಂಗನ ಬೆಟ್ಟದ ರಸ್ತೆಯಿದೆ. ಹತ್ತುವಾಗ ಎಂಜಿನ್‌ಗೆ ಕಷ್ಟ, ಇಳಿಯುವಾಗ ಬ್ರೇಕಿಗೆ ಕಷ್ಟ.

ಈ ಸಲಹೆ ತಪ್ಪು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ 'ತಪ್ಪು' ಎಂದು ಕೇಳಿದವರು ಮುಂದಿನ ವಾರ ಇನ್ನೊಂದು ಫಾರ್ವರ್ಡ್ ಬಂದಾಗ ಅದನ್ನೂ ನಂಬುತ್ತಾರೆ. ಯಾಕೆ ತಪ್ಪು ಎಂದು ಕೈಯಾರೆ ಮಾಡಿ ನೋಡಿದವರು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಇದರ ಹಿಂದಿರುವ ವಿಜ್ಞಾನ ದೊಡ್ಡದೇನಲ್ಲ. ಬಲ ಮತ್ತು ಘರ್ಷಣೆ ಮಕ್ಕಳು ಎಂಟನೇ ತರಗತಿಯ ಹೊತ್ತಿಗೆ ಓದುವ ಪಾಠಗಳೇ. "ಒಂದಕ್ಕೊಂದು ತಾಗಿರುವ ಎರಡು ಮೇಲ್ಮೈಗಳ ನಡುವಿನ ಚಲನೆಯನ್ನು ವಿರೋಧಿಸುವ ಬಲವೇ ಘರ್ಷಣೆ" ಎಂದು ಬಾಯಿಪಾಠ ಮಾಡಿ, ಎರಡು ಅಂಕ ಪಡೆದು, ಮರೆತುಬಿಡುತ್ತಾರೆ. ಅದೇ ಹುಡುಗ ನಾಲ್ಕೈದು ವರ್ಷ ಕಳೆದ ಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬೈಕಿನಲ್ಲಿ ಘಾಟಿ ಇಳಿಯುತ್ತಾನೆ. ಪರೀಕ್ಷೆ ನಿಜವಾಗಿ ನಡೆಯುವುದು ಅಲ್ಲಿ.

ಹಾಗಾಗಿ ಈ ಪಾಠವನ್ನು ಮನೆಯಲ್ಲೋ ಶಾಲೆಯ ಜಗುಲಿಯಲ್ಲೋ ಮಾಡಿ ತೋರಿಸುವುದು ಹೇಗೆ ಎಂದು ನೋಡೋಣ. ಪ್ರಯೋಗಾಲಯ ಬೇಡ. ಒಂದೆರಡು ಇಟ್ಟಿಗೆ, ನೀರಿನ ಬಾಟಲಿ, ಹಗ್ಗ, ದೀಪದ ಬತ್ತಿ, ಸ್ಟೀಲ್ ತಟ್ಟೆ, ಒಂದು ಹಿಡಿ ರಾಗಿ ಹಿಟ್ಟು ಸಾಕು.

ಮೊದಲು ಊಹೆ, ಆಮೇಲೆ ಪ್ರಯೋಗ

ಒಂದು ಇಟ್ಟಿಗೆಯನ್ನು ಬೆಂಚಿನ ಮೇಲೆ ಅಗಲವಾಗಿ ಮಲಗಿಸಿ. ಅದಕ್ಕೆ ದಾರ ಕಟ್ಟಿ, ದಾರವನ್ನು ಬೆಂಚಿನ ಅಂಚಿನಿಂದ ಕೆಳಗೆ ಇಳಿಬಿಡಿ. ಕೆಳತುದಿಗೆ ಎರಡು ಲೀಟರಿನ ಖಾಲಿ ಬಾಟಲಿ ಕಟ್ಟಿ. ಈಗ ಬಾಟಲಿಗೆ ಲೋಟದಿಂದ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ಹೋಗಿ. ಒಂದು ಹಂತದಲ್ಲಿ ಇಟ್ಟಿಗೆ ಜಾರಲು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಎಷ್ಟು ಲೋಟ ನೀರು ಹಿಡಿಯಿತು ಎಂದು ಬರೆದುಕೊಳ್ಳಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ತೂಕ, ಆದ್ದರಿಂದ ತಕ್ಕಡಿಯೂ ಬೇಕಿಲ್ಲ. (ಬಾಟಲಿ ನೆಲದಿಂದ ಒಂದು ಗೇಣು ಮೇಲಿರಲಿ, ಕೆಳಗೊಂದು ಗೋಣಿಚೀಲ ಹಾಸಿ. ಇಲ್ಲವಾದರೆ ಯಾರಾದರೊಬ್ಬರ ಕಾಲ ಮೇಲೆ ಬೀಳುವುದು ಖಂಡಿತ.)

ಈಗ ಮಕ್ಕಳನ್ನು ಕೇಳಿ: ಇದೇ ಇಟ್ಟಿಗೆಯನ್ನು ಅಗಲವಾಗಿ ಮಲಗಿಸುವ ಬದಲು ಕಿರಿದಾದ ಬದಿಯ ಮೇಲೆ ನಿಲ್ಲಿಸಿದರೆ ಹೆಚ್ಚು ನೀರು ಬೇಕೋ, ಕಡಿಮೆ ನೀರು ಬೇಕೋ? ಉತ್ತರವನ್ನು ಸ್ಲೇಟಿನ ಮೇಲೆ ಬರೆಯಿಸಿ. ಈ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ಊಹೆ ಬರೆಯದೆ ಪ್ರಯೋಗ ನೋಡಿದ ಮಗು "ಹೌದು, ನನಗೆ ಗೊತ್ತಿತ್ತು" ಎನ್ನುತ್ತದೆ. ಬರೆದ ಮಗುವಿಗೆ ತಾನು ಎಲ್ಲಿ ಎಡವಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಹೆಚ್ಚಿನವರು "ತಾಗುವ ಜಾಗ ಕಡಿಮೆಯಾಯಿತು, ಹಾಗಾಗಿ ಕಡಿಮೆ ನೀರು ಸಾಕು" ಎನ್ನುತ್ತಾರೆ. ದೊಡ್ಡವರೂ ಹಾಗೇ ಹೇಳುತ್ತಾರೆ. ಮಾಡಿ ನೋಡಿದರೆ ಹೆಚ್ಚುಕಮ್ಮಿ ಅಷ್ಟೇ ನೀರು ಬೇಕಾಗುತ್ತದೆ! ಒಂದರ ಮೇಲೆ ಇನ್ನೊಂದು ಇಟ್ಟಿಗೆ ಇಟ್ಟರೆ ಮಾತ್ರ ಸುಮಾರು ಎರಡರಷ್ಟು ಬೇಕು, ಆಗ ಎರಡನೇ ಬಾಟಲಿ ಕಟ್ಟಿ. ಬೆಂಚಿನ ಅಂಚಿಗೆ ದಾರ ಉಜ್ಜುವುದರಿಂದ ಲೆಕ್ಕ ಸ್ವಲ್ಪ ಹೆಚ್ಚಾಗಿ ಬರುತ್ತದೆ ನಿಜ. ಆದರೆ ಎರಡೂ ಸಲ ಆ ಉಜ್ಜಾಟ ಇರುವುದರಿಂದ ಹೋಲಿಕೆಗೆ ತೊಂದರೆಯಿಲ್ಲ. ಅಂಚಿಗೆ ದಾರದ ಉಂಡೆಯ ಖಾಲಿ ರೀಲನ್ನು ಸಿಕ್ಕಿಸಿದರೆ ಇನ್ನೂ ಒಳ್ಳೆಯದು.

ಇದನ್ನು ಮೊದಲು ಗಮನಿಸಿದವನು ಚಿತ್ರಕಾರನೆಂದೇ ನಾವು ತಿಳಿದಿರುವ ಲಿಯೊನಾರ್ಡೊ ಡಾ ವಿಂಚಿ. ಮರದ ತುಂಡುಗಳನ್ನು ಬೇರೆ ಬೇರೆ ಬದಿಯ ಮೇಲಿಟ್ಟು ದಾರದಿಂದ ಎಳೆಯುವ ಚಿತ್ರಗಳು 500 ವರ್ಷಕ್ಕೂ ಹಳೆಯ ಅವನ ಟಿಪ್ಪಣಿಗಳಲ್ಲಿವೆ. ಅವನು ಪ್ರಕಟಿಸಲಿಲ್ಲ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂಟನ್ ಅದನ್ನೇ ಮತ್ತೆ ಕಂಡುಹಿಡಿದ: ಘರ್ಷಣೆ ಭಾರಕ್ಕೆ ತಕ್ಕಂತೆ ಏರುತ್ತದೆ, ತಾಗುವ ಜಾಗದ ಅಗಲಕ್ಕೆ ತಕ್ಕಂತೆ ಅಲ್ಲ. ಕೊಳ್ಳೇಗಾಲದ ಮಗು ಬೆಂಚಿನ ಮೇಲೆ ಮಾಡುವುದು ಆ ಪ್ರಯೋಗವನ್ನೇ.

ಅಗಲ ಯಾಕೆ ಲೆಕ್ಕಕ್ಕೆ ಬರುವುದಿಲ್ಲ? ಎಷ್ಟೇ ಸಮತಟ್ಟಾಗಿ ಕಂಡರೂ ಪ್ರತಿ ಮೇಲ್ಮೈಯಲ್ಲೂ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿರುತ್ತವೆ. ಎರಡು ವಸ್ತುಗಳನ್ನು ಒಂದರ ಮೇಲೊಂದು ಇಟ್ಟಾಗ ನಿಜವಾಗಿ ಮುಟ್ಟಿಕೊಳ್ಳುವುದು ಉಬ್ಬುಗಳ ತುದಿಗಳು ಮಾತ್ರ, ಒಟ್ಟು ಜಾಗದಲ್ಲಿ ಅದು ತೀರಾ ಸಣ್ಣ ಪಾಲು. ಅಗಲವಾಗಿ ಮಲಗಿದ ಇಟ್ಟಿಗೆಯಲ್ಲಿ ತುದಿಗಳು ಹೆಚ್ಚು, ಆದರೆ ಒಂದೊಂದರ ಮೇಲೆ ಭಾರ ಕಡಿಮೆ. ಬದಿಯ ಮೇಲೆ ನಿಂತಾಗ ತುದಿಗಳು ಕಡಿಮೆ, ಒಂದೊಂದರ ಮೇಲೂ ಒತ್ತಡ ಹೆಚ್ಚು, ಅವು ಇನ್ನಷ್ಟು ಚಪ್ಪಟೆಯಾಗುತ್ತವೆ. ಕೊನೆಗೆ ನಿಜವಾಗಿ ಮುಟ್ಟಿಕೊಂಡ ಜಾಗ ಹೆಚ್ಚುಕಮ್ಮಿ ಒಂದೇ ಆಗುತ್ತದೆ. ರಬ್ಬರಿನಂಥ ಮೆತ್ತನೆಯ ವಸ್ತುಗಳು ಈ ನಿಯಮಕ್ಕೆ ಪೂರ್ತಿ ಬದ್ಧವಲ್ಲ. "ಅಗಲ ಟೈರ್ ಹಾಕಿಸಿದರೆ ಹಿಡಿತ ಎರಡರಷ್ಟು" ಎಂಬ ಮಾತಿನಲ್ಲಿ ಸ್ವಲ್ಪ ನಿಜ, ಬಹಳಷ್ಟು ಉತ್ಪ್ರೇಕ್ಷೆ ಇರುವುದು ಅದಕ್ಕೇ.

ಹೊರಡಿಸುವುದು ಕಷ್ಟ, ಓಡಿಸುವುದು ಸುಲಭ

ಇಟ್ಟಿಗೆ ಒಮ್ಮೆ ಹೊರಟ ಮೇಲೆ ನಿಲ್ಲದೆ ಸರಸರನೆ ಹೋಗುವುದನ್ನು ಮಕ್ಕಳು ಗಮನಿಸಿಯೇ ಇರುತ್ತಾರೆ. ನಿಂತಿರುವ ವಸ್ತುವನ್ನು ಕದಲಿಸಲು ಬೇಕಾದ ಬಲ, ಜಾರುತ್ತಿರುವಾಗ ಬೇಕಾದ ಬಲಕ್ಕಿಂತ ಹೆಚ್ಚು. ತೇರು ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಎಳೆತಕ್ಕೆ ಹಗ್ಗ ಹಿಡಿದ ನೂರಾರು ಜನ ಒಟ್ಟಿಗೆ ಜಗ್ಗಬೇಕು. ಒಮ್ಮೆ ಚಕ್ರ ಉರುಳಿತೆಂದರೆ, ಆಮೇಲಿನ ಚಿಂತೆಯೆಲ್ಲ ಅದನ್ನು ನಿಲ್ಲಿಸುವುದು ಹೇಗೆ ಎಂಬುದೇ. ಅದಕ್ಕೇ ಚಕ್ರದ ಪಕ್ಕದಲ್ಲಿ ಮರದ ತುಂಡು ಹಿಡಿದವರು ಹಗ್ಗ ಹಿಡಿದವರಿಗಿಂತ ಹೆಚ್ಚು ಎಚ್ಚರದಲ್ಲಿರುತ್ತಾರೆ.

ಉರುಳುವುದು ಜಾರುವುದಕ್ಕಿಂತ ಎಷ್ಟು ಹಗುರ ಎಂದು ನೋಡಲು ಇಟ್ಟಿಗೆಯ ಅಡಿಗೆ ನಾಲ್ಕು ಗುಂಡಗಿನ ಪೆನ್ಸಿಲ್ ಅಡ್ಡಲಾಗಿ ಇಡಿ. ಲೀಟರುಗಟ್ಟಲೆ ನೀರು ಬೇಡುತ್ತಿದ್ದ ಇಟ್ಟಿಗೆ ಈಗ ಒಂದೆರಡು ಲೋಟಕ್ಕೇ ಹೊರಟುಬಿಡುತ್ತದೆ. ಎತ್ತಿನಗಾಡಿಯ ಚಕ್ರ, ಅದರ ಅಚ್ಚಿಗೆ ಹಾಕುವ ಕೀಲೆಣ್ಣೆ, ಸೈಕಲ್ ಚಕ್ರದೊಳಗಿನ ಗುಂಡುಗಳು ಎಲ್ಲವೂ ಇದೇ ತಂತ್ರದ ಬೇರೆ ಬೇರೆ ರೂಪ.

ಇಲ್ಲಿ ಮಕ್ಕಳು ಒಂದು ಪ್ರಶ್ನೆ ಕೇಳಬಹುದು: ತಳ್ಳುವುದನ್ನು ಬಿಟ್ಟರೆ ಎಲ್ಲವೂ ನಿಂತುಹೋಗುತ್ತದಲ್ಲ, ಹಾಗಾದರೆ ಚಲಿಸುತ್ತಿರಲು ಬಲ ಬೇಕೇ ಬೇಕಲ್ಲವೇ? ಎರಡು ಸಾವಿರ ವರ್ಷದ ಹಿಂದೆ ಅರಿಸ್ಟಾಟಲ್ ಕೂಡ ಹಾಗೇ ಯೋಚಿಸಿದ್ದ, ಆದ್ದರಿಂದ ಮಗುವನ್ನು ಗದರಿಸಬೇಡಿ. ವಸ್ತು ತಾನಾಗಿ ನಿಲ್ಲುವುದಿಲ್ಲ, ಘರ್ಷಣೆ ಅದನ್ನು ನಿಲ್ಲಿಸುತ್ತದೆ. ಉಜ್ಜಲು ಏನೂ ಇಲ್ಲದ ಬಾಹ್ಯಾಕಾಶದಲ್ಲಿ, 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ನೌಕೆ ಮುಂದೆ ತಳ್ಳುವ ಎಂಜಿನ್ ಇಲ್ಲದೆಯೇ ಇಂದಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಲೇ ಇದೆ.

ನುಣುಪಾದದ್ದೆಲ್ಲ ಜಾರುತ್ತದೆಯೇ?

"ಒರಟಾದರೆ ಘರ್ಷಣೆ ಹೆಚ್ಚು, ನುಣುಪಾದರೆ ಕಡಿಮೆ" ಎಂಬುದು ನಾವೆಲ್ಲ ಓದಿದ ಸಾಲು. ಅರ್ಧ ಸರಿ. ಇನ್ನರ್ಧವನ್ನು ತೋರಿಸಲು ಒಂದು ಸ್ಟೀಲ್ ತಟ್ಟೆಯನ್ನು ಚೆನ್ನಾಗಿ ತೊಳೆದು ಒರೆಸಿ. ಅದರ ತಳದ ಮೇಲೆ ಪೆನ್ಸಿಲ್ ಅಳಿಸುವ ರಬ್ಬರ್ ಇಟ್ಟು ನಿಧಾನವಾಗಿ ಓರೆ ಮಾಡಿ. ರಬ್ಬರ್ ಬಹಳ ಹೊತ್ತು ಕಚ್ಚಿಕೊಂಡಿರುತ್ತದೆ. ಈಗ ತಟ್ಟೆಯ ಮೇಲೆ ಚಿಟಿಕೆ ರಾಗಿ ಹಿಟ್ಟು ಉದುರಿಸಿ ಮತ್ತೆ ಮಾಡಿ. ತಟ್ಟೆ ಮೊದಲಿಗಿಂತ ಒರಟಾಗಿದೆ, ಆದರೂ ರಬ್ಬರ್ ಬೇಗ ಜಾರುತ್ತದೆ!

ಹಿಟ್ಟಿನ ಕಣಗಳು ರಬ್ಬರನ್ನು ತಟ್ಟೆಗೆ ಮುಟ್ಟಲು ಬಿಡುವುದಿಲ್ಲ, ನಡುವೆ ತಾವೇ ಹೊರಳುತ್ತವೆ, ಜಾರುತ್ತವೆ. ಘಾಟಿಯ ತಿರುವಿನಲ್ಲಿ ರಸ್ತೆಗೆ ಬಂದು ಬಿದ್ದ ಮರಳು, ಸಣ್ಣ ಜಲ್ಲಿ ಮಾಡುವುದೂ ಇದನ್ನೇ. ಟಾರು ಎಷ್ಟೇ ಚೆನ್ನಾಗಿದ್ದರೂ ಟೈರು ಅದನ್ನು ಮುಟ್ಟುವುದೇ ಇಲ್ಲ. ಬಹಳ ದಿನದ ಬಿಸಿಲಿನ ಮೇಲೆ ಬಿದ್ದ ಮೊದಲ ಮಳೆಯೂ ಹಾಗೆಯೇ. ರಸ್ತೆಯ ಮೇಲೆ ಕೂತಿದ್ದ ಎಣ್ಣೆ, ಧೂಳು ನೀರಿಗೆ ಬೆರೆತು ಪಸೆಯಾಗುತ್ತದೆ. ಜೋರು ಮಳೆ ಬಿದ್ದು ಕೊಚ್ಚಿಹೋದ ಮೇಲೆ ರಸ್ತೆ ಸ್ವಲ್ಪ ವಾಸಿ, ಆ ಮೊದಲ ಹನಿಗಳಲ್ಲೇ ಹೆಚ್ಚು ಅಪಾಯ.

ಸ್ವಲ್ಪ ದೊಡ್ಡ ಮಕ್ಕಳಾದರೆ ಅಳತೆಯನ್ನೂ ಮಾಡಿಸಿ. ತಟ್ಟೆಯ ಬದಲು ಹಲಗೆ ತೆಗೆದುಕೊಳ್ಳಿ. ರಬ್ಬರ್ ಜಾರಲು ಶುರುವಾದ ಕ್ಷಣದಲ್ಲಿ ಹಲಗೆಯ ಮೇಲ್ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಆ ತುದಿಯ ನೇರ ಕೆಳಗಿನಿಂದ ಹಲಗೆಯ ಬುಡಕ್ಕೆ ಎಷ್ಟು ದೂರ ಎಂದು ಅಳೆಯಿರಿ. ಎತ್ತರ 30 ಸೆಂಟಿಮೀಟರ್, ದೂರ 60 ಆದರೆ, 30ನ್ನು 60ರಿಂದ ಭಾಗಿಸಿ: 0.5. ಇದೇ ಘರ್ಷಣಾಂಕ. ಎಂಜಿನಿಯರುಗಳು ಬಳಸುವ ಅದೇ ಸಂಖ್ಯೆ ಒಂದು ಸ್ಕೇಲಿನಿಂದ ಸಿಕ್ಕಿತು. ಹವಾಯಿ ಚಪ್ಪಲಿ, ಹಳೆಯ ಸವೆದ ಚಪ್ಪಲಿ, ಒದ್ದೆ ಚಪ್ಪಲಿ ಎಲ್ಲವನ್ನೂ ಇಟ್ಟು ನೋಡಲು ಬಿಡಿ. ಮಕ್ಕಳು ನಿಮ್ಮನ್ನು ಕರೆಯದೆ ಒಂದು ಗಂಟೆ ಆಡುತ್ತಾರೆ.

ಬತ್ತಿ ಮತ್ತು ರೇಷ್ಮೆ

ಕೊಳ್ಳೇಗಾಲವೆಂದರೆ ರೇಷ್ಮೆ ಸೀರೆ. ಹಾಗಿರುವಾಗ ನೂಲಿನ ಪ್ರಯೋಗ ಬಿಡುವುದು ಹೇಗೆ? ಸ್ವಲ್ಪ ಹತ್ತಿ ತೆಗೆದುಕೊಂಡು ಎರಡು ಬೆರಳಿನಿಂದ ಎಳೆಯಿರಿ, ಸುಮ್ಮನೆ ಬಿಟ್ಟುಕೊಂಡು ಬರುತ್ತದೆ. ಅದೇ ಹತ್ತಿಯನ್ನು ಬತ್ತಿ ಹೊಸೆಯುವಂತೆ ಬಿಗಿಯಾಗಿ ಹೊಸೆದು ಎಳೆಯಿರಿ, ಸುಲಭಕ್ಕೆ ಹರಿಯುವುದಿಲ್ಲ. ಅಂಟು ಹಾಕಿಲ್ಲ, ಗಂಟು ಹಾಕಿಲ್ಲ. ಹೊಸೆದಾಗ ಎಳೆಗಳು ಒಂದನ್ನೊಂದು ಒತ್ತಿದವು, ಒತ್ತಿದ್ದರಿಂದ ಘರ್ಷಣೆ ಹೆಚ್ಚಿತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಾಗ ಆದದ್ದೇ ಇಲ್ಲೂ ಆಯಿತು. ನೀವು ತೊಟ್ಟಿರುವ ಹತ್ತಿ ಅಂಗಿಯನ್ನು ಹಿಡಿದಿಟ್ಟಿರುವುದು ಘರ್ಷಣೆ. ಹತ್ತಿಯ ಒಂದೊಂದು ಎಳೆಯೂ ಎರಡು ಮೂರು ಸೆಂಟಿಮೀಟರ್ ಮಾತ್ರ!

ರೇಷ್ಮೆಯ ಕಥೆ ಬೇರೆ. ಒಂದು ಗೂಡಿನಿಂದ ನೂರಾರು ಮೀಟರ್ ಉದ್ದದ ಒಂದೇ ಎಳೆ ಬರುತ್ತದೆ. ಹುಳು ಅದಕ್ಕೆ ಸೆರಿಸಿನ್ ಎಂಬ ಅಂಟು ಬಳಿದಿರುತ್ತದೆ. ಬಿಸಿನೀರಿನಲ್ಲಿ ಗೂಡು ನೆನೆಸುವುದು ಆ ಅಂಟು ಸಡಿಲವಾಗಲೆಂದು. ಅಂಟು ಪೂರ್ತಿ ತೆಗೆದ ಮೇಲೆ ಉಳಿಯುವ ಎಳೆ ತೀರಾ ನಯ, ರೇಷ್ಮೆ ಸೀರೆಯ ನೆರಿಗೆ ಹತ್ತಿ ಸೀರೆಯದಕ್ಕಿಂತ ಬೇಗ ಜಾರುವುದು ಅದಕ್ಕೇ.

ಎರಡು ನೋಟ್‌ಬುಕ್‌ಗಳ ಹಾಳೆಗಳನ್ನು ಒಂದರ ನಡುವೆ ಒಂದು ಸಿಕ್ಕಿಸಿ ಬೆನ್ನು ಹಿಡಿದು ಎಳೆಯುವ ವಿಡಿಯೊ ನೀವೂ ನೋಡಿರಬಹುದು. ಅದು ನಿಜ, ಗೋಂದು ಹಚ್ಚಿದ ಮೋಸವಲ್ಲ. ಎಳೆದಷ್ಟೂ ಹಾಳೆಗಳು ಒಳಕ್ಕೆ ಬಾಗಿ ಒಂದನ್ನೊಂದು ಹೆಚ್ಚು ಒತ್ತುತ್ತವೆ. ಹಾಗಾಗಿ ನಿಮ್ಮ ಎಳೆತವೇ ಹಿಡಿತವನ್ನು ಬಲಪಡಿಸುತ್ತದೆ. ಫ್ರಾನ್ಸ್ ಮತ್ತು ಕೆನಡಾದ ವಿಜ್ಞಾನಿಗಳು ಇದರ ಲೆಕ್ಕವನ್ನು 2016ರಲ್ಲಿ ಪ್ರಕಟಿಸಿದರು.

ಇನ್ನೊಂದು ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಲಟ್ಟಣಿಗೆಯನ್ನು ಇಬ್ಬರು ಎರಡು ತುದಿಯಲ್ಲಿ ತಿರುಗದಂತೆ ಬಿಗಿಯಾಗಿ ಹಿಡಿಯಲಿ. ಒಂದು ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ, ದಾರವನ್ನು ಲಟ್ಟಣಿಗೆಯ ಮೇಲೆ ಹಾಯಿಸಿ ಇನ್ನೊಂದು ತುದಿಯನ್ನು ಮಗುವಿನ ಕೈಗೆ ಕೊಡಿ. ಭಾರ ಗೊತ್ತಾಗುತ್ತದೆ. ಈಗ ದಾರವನ್ನು ಒಂದು ಸುತ್ತು ಹೆಚ್ಚು ಸುತ್ತಿ. ಎರಡು ಬೆರಳು ಸಾಕು. ಇನ್ನೊಂದು ಸುತ್ತು. ಈಗ ದಾರದ ತುದಿಗೆ ಒಂದು ಪೆನ್ಸಿಲ್ ಕಟ್ಟಿ ಬಿಟ್ಟರೂ ಬಾಟಲಿ ಕೆಳಗಿಳಿಯದೆ ನಿಂತೀತು! ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಒಂದು ಪೂರ್ತಿ ಸುತ್ತಿಗೆ ಹಿಡಿತ ಸುಮಾರು 6.6 ಪಟ್ಟು. ಎರಡು ಸುತ್ತಿಗೆ 13 ಅಲ್ಲ, 43 ಪಟ್ಟು. ಮೂರಕ್ಕೆ 285. ಪ್ರತಿ ಸುತ್ತೂ ಹಿಂದಿನದನ್ನು ಗುಣಿಸುತ್ತಾ ಹೋಗುತ್ತದೆ. ಬೆದರಿದ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿದುಕೊಳ್ಳುವ ರೈತನಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ, ಕೈಗೆ ಗೊತ್ತು. (ಹಗ್ಗವನ್ನು ಕಂಬಕ್ಕೆ ಸುತ್ತಬೇಕೇ ಹೊರತು ಅಂಗೈಗೆ ಸುತ್ತಿಕೊಳ್ಳಬಾರದು ಎಂಬುದನ್ನೂ ಇದೇ ಹೊತ್ತಿಗೆ ಹೇಳಿಬಿಡಿ. ಗುಣಿಸುವ ಹಿಡಿತದಿಂದ ಕೈ ಬಿಡಿಸಿಕೊಳ್ಳಲಾಗುವುದಿಲ್ಲ.)

ಉಜ್ಜಿದರೆ ಬಿಸಿ: ಘಾಟಿಗೆ ವಾಪಸ್

ಈಗ ಅಂಗೈಗಳನ್ನು ಜೋರಾಗಿ ಉಜ್ಜಲು ಹೇಳಿ. ಬಿಸಿಯಾಯಿತೇ? ಚಲನೆಯ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ, ಘರ್ಷಣೆ ಅದನ್ನು ಶಾಖವಾಗಿ ಬದಲಿಸುತ್ತದೆ. ಬ್ರೇಕ್ ಎಂದರೆ ಅಷ್ಟೇ, ಓಡುವ ಗಾಡಿಯನ್ನು ಶಾಖವಾಗಿ ಬದಲಿಸುವ ಯಂತ್ರ.

ಎಷ್ಟು ಶಾಖ? ಜನರೂ ಸೇರಿ 1200 ಕಿಲೋ ತೂಗುವ ಕಾರು 400 ಮೀಟರ್ ಎತ್ತರದ ಇಳಿಜಾರನ್ನು ಬ್ರೇಕ್ ಒಂದನ್ನೇ ನಂಬಿ ಇಳಿಯಿತು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 47 ಲಕ್ಷ ಜೌಲ್ ಶಕ್ತಿ. ಕೊಡದ ತಣ್ಣೀರನ್ನು, ಅಂದರೆ ಸುಮಾರು 15 ಲೀಟರ್ ನೀರನ್ನು, ಕುದಿಯುವ ತನಕ ಕಾಯಿಸಲು ಇಷ್ಟು ಸಾಕು. 12 ಟನ್ ತೂಗುವ ಬಸ್ಸಾದರೆ ಹತ್ತು ಕೊಡ. ಗಾಳಿಯ ತಡೆ, ಟೈರಿನ ಉರುಳಾಟ ಅದರಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ಮಿಕ್ಕಿದ್ದೆಲ್ಲ ಅಂಗೈಯಗಲದ ಬ್ರೇಕ್ ಪ್ಯಾಡುಗಳ ಪಾಲಿಗೆ.

ಪ್ಯಾಡು ಅತಿಯಾಗಿ ಕಾದರೆ ಅದರ ಹಿಡಿತ ಕುಸಿಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬ್ರೇಕುಗಳಲ್ಲಿ ಇನ್ನೊಂದು ತೊಂದರೆಯಿದೆ. ಬ್ರೇಕ್ ಫ್ಲೂಯಿಡ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಗುಣಮಟ್ಟದ ಹೊಸ ದ್ರವ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ತುಳಿದರೆ ಸ್ಪಂಜಿನಂತೆ ಒಳಕ್ಕೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. "ಬ್ರೇಕ್ ಫೇಲ್" ಎಂದು ನಾವು ಸುದ್ದಿಯಲ್ಲಿ ಓದುವುದರಲ್ಲಿ ಇಂಥವೂ ಇರುತ್ತವೆ. ಬ್ರೇಕ್ ಮುರಿದಿರುವುದಿಲ್ಲ, ಕಾದಿರುತ್ತದೆ.

ಗೇರಿನಲ್ಲಿದ್ದಾಗ ಈ ಹೊರೆಯಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕು. ಅದರ ಒಳಗಿನ ಘರ್ಷಣೆ, ಗಾಳಿಯನ್ನು ಎಳೆದು ದೂಡುವ ಶ್ರಮ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತವೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ. ನ್ಯೂಟ್ರಲ್ ಹಾಕಿದ ಕ್ಷಣ ಆ ಹಿಡಿತ ತಪ್ಪಿತು. ಕಾರಿನಲ್ಲಿ ಎಂಜಿನ್ನನ್ನೂ ಆಫ್ ಮಾಡಿದರೆ ಬ್ರೇಕಿಗೆ ನೆರವಾಗುವ ನಿರ್ವಾತ ಕೆಲವೇ ತುಳಿತಗಳಲ್ಲಿ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಕೀ ಪೂರ್ತಿ ತಿರುಗಿಸಿ ತೆಗೆದರೆ ಸ್ಟೀರಿಂಗೇ ಲಾಕ್ ಆದೀತು.

ಪೆಟ್ರೋಲ್ ಆದರೂ ಉಳಿಯುತ್ತದೆಯೇ? ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ನ್ಯೂಟ್ರಲ್ ಹಾಕಿದರೆ ಅಲ್ಪಸ್ವಲ್ಪ ಉಳಿಯುತ್ತಿದ್ದುದು ಹೌದು, ಈ ಮಾತು ಹುಟ್ಟಿದ್ದು ಬಹುಶಃ ಆಗಲೇ. ಈಗಿನ ಇಂಧನ ಇಂಜೆಕ್ಷನ್ ಗಾಡಿಗಳಲ್ಲಿ ಕಥೆ ತಿರುವುಮುರುವು. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ ಸಾಕಷ್ಟು ವೇಗವಾಗಿ ತಿರುಗುತ್ತಿದ್ದರೆ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರಿಹೋಗದಂತೆ ಸ್ವಲ್ಪ ಸ್ವಲ್ಪ ಇಂಧನ ಸುಡುತ್ತಲೇ ಇರಬೇಕು. ಅಂದರೆ ಫಾರ್ವರ್ಡ್ ಮಾತು ಕೇಳಿದವರಿಗೆ ಪೆಟ್ರೋಲೂ ಹೆಚ್ಚು, ಅಪಾಯವೂ ಹೆಚ್ಚು. ಎಂಜಿನ್ ಪೂರ್ತಿ ಆರಿಸಿದರೆ ಉಳಿಯುವುದು ಕೆಲವು ರೂಪಾಯಿ. ಗೇರಿಲ್ಲದ ಸ್ಕೂಟರುಗಳಲ್ಲಿ ವೇಗ ತಗ್ಗಿದಾಗ ಕ್ಲಚ್ ತಾನೇ ಬಿಟ್ಟುಕೊಳ್ಳುವುದರಿಂದ ಎಂಜಿನ್ನಿನ ಹಿಡಿತ ಮೊದಲೇ ಕಡಿಮೆ. ಅವುಗಳಲ್ಲಿ ಇಳಿಯುವವರು ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿಯದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಬೇಕು, ನಡುವೆ ನಿಲ್ಲಿಸಿ ತಣಿಯಲು ಬಿಡಬೇಕು. ಕಾದ ಬ್ರೇಕಿಗೆ ನೀರು ಸುರಿಯಬಾರದು.

ಶಾಲೆಯಲ್ಲಿ ಇದು ಆಗದ ಮಾತೇ?

"ಸಿಲಬಸ್ ಮುಗಿಸಬೇಕು, ಪ್ರಯೋಗಕ್ಕೆ ಸಮಯವೆಲ್ಲಿ?" ಎಂಬ ಮಾತು ಸುಳ್ಳಲ್ಲ. ಆದರೆ ಮಾಡಿ ಕಲಿಯುವುದು ನಮ್ಮಲ್ಲಿ ಹೊಸತೇನೂ ಅಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಕಲಿಕೆಯ ಕಾರ್ಯಕ್ರಮ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಮೂರು ದಶಕ ನಡೆಯಿತು. ನಮ್ಮ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ ಆಮೇಲೆ ರಾಜ್ಯದ ಸಣ್ಣ ತರಗತಿಗಳಿಗೆಲ್ಲ ಹರಡಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಎಷ್ಟೋ ವರ್ಷಗಳಿಂದ ಕನ್ನಡದಲ್ಲೇ ಮಕ್ಕಳಿಗೆ ವಿಜ್ಞಾನ ಮುಟ್ಟಿಸಿದೆ. ಇಟ್ಟಿಗೆ-ಬಾಟಲಿ ಪ್ರಯೋಗಕ್ಕೆ ಹಿಡಿಯುವುದು ಒಂದು ಪೀರಿಯಡ್. ಶಾಲೆಯಲ್ಲಿ ಆಗದಿದ್ದರೆ ಭಾನುವಾರ ಮನೆಯಲ್ಲಿ ಮಾಡಬಹುದು. ಲಟ್ಟಣಿಗೆ ಅಡುಗೆಮನೆಯಲ್ಲೇ ಇದೆ.

ಪ್ರಯೋಗ ಕೈಕೊಡುವ ದಿನಗಳೂ ಇರುತ್ತವೆ. ಇಟ್ಟಿಗೆಯ ಒಂದು ಬದಿ ಕಿತ್ತುಹೋಗಿದ್ದರೆ, ಬೆಂಚು ಒಂದು ಕಡೆ ಒದ್ದೆಯಾಗಿದ್ದರೆ ಎರಡು ಅಳತೆ ಒಂದಕ್ಕೊಂದು ಹೊಂದುವುದಿಲ್ಲ. ಆಗ ಪುಸ್ತಕದ ಉತ್ತರ ಹೇಳಿ ಮುಚ್ಚಿಹಾಕಬೇಡಿ. ಯಾಕೆ ಬೇರೆ ಬಂತು ಎಂದು ಮಕ್ಕಳನ್ನೇ ಕೇಳಿ, ಬೆಂಚು ಒರೆಸಿ, ಇಟ್ಟಿಗೆ ಬದಲಿಸಿ, ಮೂರು ಸಲ ಮಾಡಿ ಸರಾಸರಿ ತೆಗೆಯಲು ಬಿಡಿ. ಆ ನ್ಯೂಟ್ರಲ್ ಫಾರ್ವರ್ಡ್ ಮತ್ತೆ ಬಂದಾಗ ಅದನ್ನು ಮನೆಯ ಮಗುವಿಗೆ ಓದಿ ಹೇಳಿ, ಇಟ್ಟಿಗೆಯನ್ನೂ ಹಲಗೆಯನ್ನೂ ಎದುರಿಗಿಟ್ಟು ಅದು ಏನು ಹೇಳುತ್ತದೆ ಕೇಳಿ.